ಕೊಳೆರೋಗ ಶಿಲೀಂಧ್ರ ಅಲ್ವಂತೆ! ಹಾಗಾದರೆ ಜೀವಿಗಳನ್ನು ಗುಂಪು ಮಾಡುವುದು ಹೇಗೆ?

ತೋಟದಮನೆ (ಶಿರಸಿ ಕಡೆ) · ಮೇ 17, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮೂರಲ್ಲಿ ಅಡಿಕೆ ರೋಗಗಳ ಬಗ್ಗೆ ಒಂದು ಸಭೆ ಇತ್ತು. ಚಹಾ, ಅವಲಕ್ಕಿ ಎಲ್ಲ ಚೆನ್ನಾಗಿತ್ತು. ಮಾತಾಡಲು ಬಂದವರು ನಡುವೆ ಒಂದು ಮಾತು ಹೇಳಿಬಿಟ್ಟರು, ಕೊಳೆರೋಗ ತರುವುದು ಶಿಲೀಂಧ್ರ ಅಲ್ಲ ಅಂತ. ಯಾರಾದರೂ ಕೇಳೋಣ ಅನ್ನುವಷ್ಟರಲ್ಲಿ ಸಬ್ಸಿಡಿ ವಿಷಯ ಬಂತು. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಮಾತ್ರ ತಲೆಯಲ್ಲಿ ಕೂತಿದೆ. ಕೊಳೆ ಬಂದ ಕಾಯಿಯ ಮೇಲೆ ಬಿಳಿ ಬೂಷ್ಟು ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೂಷ್ಟು ಅಂದರೆ ಶಿಲೀಂಧ್ರ ಅಲ್ವಾ? ಮಗಳು ಮೊದಲ ಪಿಯು. ಅವಳ ಪುಸ್ತಕದಲ್ಲಿ ಜೀವಿಗಳಿಗೆ ಐದು ಸಾಮ್ರಾಜ್ಯ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಮೂರು ಡೊಮೈನ್, ಇನ್ನೊಂದು ಕಡೆ ಏಳು ಸಾಮ್ರಾಜ್ಯ. ನಮ್ಮ ಕೊಳೆ ಇದರಲ್ಲಿ ಎಲ್ಲಿ ಬರುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ನಿವೃತ್ತ ಮೇಷ್ಟ್ರು · ಮೇ 17, ರಾತ್ರಿ 10:02

ಭಾವ, ಮೂವತ್ತೊಂದು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಇದ್ದದ್ದು ಎರಡೇ. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಸಸ್ಯ, ಪ್ರಾಣಿ, ಖನಿಜ ಎಂದು ಹಂಚಿದ. ಖನಿಜಕ್ಕೆ ಜೀವ ಇಲ್ಲ. ಉಳಿದದ್ದು ಎರಡು. ಅಣಬೆ ಓಡಾಡುವುದಿಲ್ಲ, ನೆಲದಿಂದ ಏಳುತ್ತದೆ, ಹಾಗಾಗಿ ಸಸ್ಯದ ಪಾಲಿಗೆ ಹೋಯಿತು. ಕಾಲೇಜುಗಳಲ್ಲಿ ಇವತ್ತಿಗೂ ಶಿಲೀಂಧ್ರದ ಪಾಠ ಮಾಡುವವರು ಸಸ್ಯಶಾಸ್ತ್ರದವರೇ. ಅದು ಆ ಕಾಲದ ಹಂಚಿಕೆಯ ಉಳಿಕೆ.

ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಿಗಳು ಎರಡರಲ್ಲೂ ಸರಿಯಾಗಿ ಕೂರಲಿಲ್ಲ. 1866ರಲ್ಲಿ ಜರ್ಮನಿಯ ಹೆಕೆಲ್ ಅವುಗಳಿಗೆ ಪ್ರೊಟಿಸ್ಟಾ ಅಂತ ಮೂರನೇ ಮನೆ ಕಟ್ಟಿದ. ನೂರು ವರ್ಷ ಕಳೆದ ಮೇಲೆ, 1969ರಲ್ಲಿ, ಅಮೆರಿಕದ ವಿಟ್ಟಾಕರ್ ಐದು ಮಾಡಿದ. ಮಗಳ ಪುಸ್ತಕದಲ್ಲಿರುವುದು ಅದೇ. ಜೀವಕೋಶದಲ್ಲಿ ಕೇಂದ್ರ (ನ್ಯೂಕ್ಲಿಯಸ್) ಇಲ್ಲದಿದ್ದರೆ ಮೊನೆರಾ. ಉಳಿದವನ್ನು ಬೇರೆ ಮಾಡಲು ಅವನು ಮುಖ್ಯವಾಗಿ ಊಟದ ರೀತಿ ನೋಡಿದ. ಸಸ್ಯ ಬಿಸಿಲಿನಲ್ಲಿ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಪ್ರಾಣಿ ನುಂಗಿ ಒಳಗೆ ಅರಗಿಸುತ್ತದೆ. ಶಿಲೀಂಧ್ರ ಹೊರಗೇ ರಸ ಬಿಟ್ಟು ಅರಗಿಸಿ ಆಮೇಲೆ ಹೀರುತ್ತದೆ. ಪ್ರೊಟಿಸ್ಟಾ ಅಂದರೆ ನಮ್ಮ ಮನೆಯ ಅಟ್ಟ ಇದ್ದ ಹಾಗೆ, ಎಲ್ಲೂ ಇಡಲಾಗದ್ದನ್ನು ಅಲ್ಲಿಗೆ ಎತ್ತಿಡುವುದು.

ಊಟದ ಲೆಕ್ಕದಲ್ಲಿ ನೋಡಿದರೆ ಕೊಳೆ ಶಿಲೀಂಧ್ರವೇ. ನಾನೂ ಹಾಗೇ ಪಾಠ ಮಾಡಿದವನು. ಅಲ್ಲ ಅನ್ನುವವರು ಕಾರಣ ಹೇಳಲಿ.

ಪ್ರಯೋಗಾಲಯದ ಇಲಿ (ಜರ್ಮನಿ, ಮೂಲ ಪುತ್ತೂರು) · ಮೇ 18, ಬೆಳಗಿನ ಜಾವ 2:40

ಮೇಷ್ಟ್ರೇ, ನಾನು ಹೇಳುತ್ತೇನೆ. ನಮ್ಮ ಮನೆಯಲ್ಲೂ ಅಡಿಕೆಯೇ. ಈಗ ಹೊಟ್ಟೆಪಾಡಿಗೆ ಸೂಕ್ಷ್ಮಜೀವಿ ಸಾಕುತ್ತಿದ್ದೇನೆ.

ಮೊದಲು ಕಳ್ಳಿಯ ವಿಷಯ. ಪಾಪಸುಕಳ್ಳಿಗೂ ಕಳ್ಳಿ ಅನ್ನುತ್ತೇವೆ, ಬೇಲಿಯಲ್ಲಿ ಮುರಿದರೆ ಹಾಲು ಬರುವುದಕ್ಕೂ ಕಳ್ಳಿ ಅನ್ನುತ್ತೇವೆ. ಎರಡಕ್ಕೂ ಮುಳ್ಳು, ಎರಡಕ್ಕೂ ದಪ್ಪ ಹಸಿರು ಕಾಂಡ. ಆದರೆ ಪಾಪಸುಕಳ್ಳಿ ಅಮೆರಿಕದಿಂದ ಬಂದ ಬೇರೆಯೇ ಕುಟುಂಬದ ಗಿಡ. ಹಾಲಿನ ಕಳ್ಳಿ ನಮ್ಮ ಹರಳು ಗಿಡದ ಕುಟುಂಬದ್ದು. ನೀರಿಲ್ಲದ ಜಾಗದಲ್ಲಿ ಬದುಕಲು ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ವೇಷ ಹಾಕಿಕೊಂಡಿದ್ದಾರೆ.

ಕೊಳೆರೋಗದ್ದೂ ಇದೇ ಕಥೆ. ಅದನ್ನು ತರುವ ಜೀವಿ ಫೈಟೋಫ್ತೊರಾ. ಅದು ಊಮೈಸೀಟ್ ಎಂಬ ಗುಂಪಿನದ್ದು. ನೂಲಿನ ಹಾಗೆ ಬೆಳೆಯುತ್ತದೆ, ಹೊರಗೆ ಅರಗಿಸಿ ಹೀರುತ್ತದೆ, ಥೇಟ್ ಬೂಷ್ಟಿನ ಹಾಗೆ. ಒಳಗೆ ನೋಡಿದರೆ ಎಲ್ಲ ಬೇರೆ. ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ, ಸಿಗಡಿ ಸಿಪ್ಪೆಯಲ್ಲಿ ಇರುವುದು ಅದೇ. ಫೈಟೋಫ್ತೊರಾದ ಗೋಡೆಯಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲೂಕನ್. ಅದರ ಬೀಜಕಣಗಳಿಗೆ ಎರಡು ಬಾಲ. ಒಂದು ನುಣುಪು, ಇನ್ನೊಂದರ ತುಂಬ ಸಣ್ಣ ರೋಮ. ಆ ಬಾಲ ಬೀಸಿಕೊಂಡು ಅವು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜುತ್ತವೆ. ಬಿಡದೆ ಮಳೆ ಹಿಡಿದಾಗ ಕೊಳೆ ಯಾಕೆ ಜಾಸ್ತಿ ಅಂತ ಈಗ ಹೊಳೆಯಿತಲ್ಲ?

ರೋಮದ ಬಾಲ ಇನ್ನು ಯಾರಿಗಿದೆ ಅಂತ ನೋಡಿದರೆ, ಸಮುದ್ರದ ಬಂಡೆಗಳ ಮೇಲೆ ಬೆಳೆಯುವ ಕಂದು ಪಾಚಿಗಳ ಬೀಜಕಣಗಳಿಗೆ ಇದೆ. ಡಿಎನ್‌ಎ ಓದಿದರೂ ಅದೇ ಉತ್ತರ. ಕಂದು ಪಾಚಿ, ಡಯಾಟಮ್ ಎಂಬ ಒಂದೇ ಕೋಶದ ಪಾಚಿ, ಫೈಟೋಫ್ತೊರಾ ಎಲ್ಲ ಒಂದೇ ದೊಡ್ಡ ಮನೆತನ. ಅಣಬೆಗೂ ಅದಕ್ಕೂ ಹತ್ತಿರದ ನೆಂಟಸ್ತನ ಇಲ್ಲ.

ಸುಮ್ನೆ ಓದುಗ · ಮೇ 18, ಬೆಳಿಗ್ಗೆ 7:15

ಅಯ್ಯೋ ದೇವರೇ. ಕಾಯಿ ಉದುರುತ್ತಿರುವಾಗ ಅದು ಅಣಬೆಯ ನೆಂಟನೋ ಪಾಚಿಯ ನೆಂಟನೋ ಕಟ್ಟಿಕೊಂಡು ಏನಾಗಬೇಕು? ವಿಜ್ಞಾನಿಗಳಿಗೆ ಹೆಸರು ಬದಲಾಯಿಸುವುದು ಬಿಟ್ಟು ಬೇರೆ ಕೆಲಸ ಇಲ್ವಾ?

ತೋಟದಮನೆ · ಮೇ 18, ಬೆಳಿಗ್ಗೆ 8:30

ಹಾಗೆ ಹೇಳಬೇಡಿ ಮಾರಾಯರೇ. ನನಗೆ ಈಗ ಒಂದು ವಿಷಯ ಹೊಳೆಯುತ್ತಿದೆ. ಎರಡು ವರ್ಷದ ಹಿಂದೆ ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಬೋರ್ಡೋ (ತಾಮ್ರದ ಮೈಲುತುತ್ತ, ಸುಣ್ಣ ಸೇರಿದ ದ್ರಾವಣ) ಕಲಸಲು ಆಳು ಸಿಗಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ "ಇದು ಒಳ್ಳೆ ಶಿಲೀಂಧ್ರನಾಶಕ, ಹೊಡೆಯಿರಿ" ಅಂತ ಕಾರ್ಬೆಂಡಜಿಮ್ ಕೊಟ್ಟರು. ಎರಡು ಸಲ ಹೊಡೆಸಿದೆ. ಮರಕ್ಕೆ ಔಷಧಿ ಹೊಡೆಯುವ ಕೊನೆಗೌಡನ ಕೂಲಿ ಬೇರೆ. ಕೊಳೆ ಕ್ಯಾರೇ ಅನ್ನಲಿಲ್ಲ. ಔಷಧಿ ನಕಲಿ ಇರಬೇಕು ಅಂತ ಅಂಗಡಿಯವರ ಜೊತೆ ಜಗಳವನ್ನೂ ಮಾಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಪ್ರಯೋಗಾಲಯದ ಇಲಿ · ಮೇ 18, ಮಧ್ಯಾಹ್ನ 12:05

ಉಂಟು, ನೂರಕ್ಕೆ ನೂರು. ಔಷಧಿ ನಕಲಿ ಇರಲಿಕ್ಕಿಲ್ಲ ಅಣ್ಣ, ವಿಳಾಸ ತಪ್ಪಿತ್ತು ಅಷ್ಟೇ. ಕಾರ್ಬೆಂಡಜಿಮ್ ಶಿಲೀಂಧ್ರದ ಕೋಶದೊಳಗಿನ ಒಂದು ಪ್ರೋಟೀನನ್ನು ಹಿಡಿದು ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ. ಊಮೈಸೀಟ್‌ಗಳಲ್ಲಿ ಆ ಹಿಡಿತ ಸಿಗುವುದಿಲ್ಲ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಥರದವೂ ಅಷ್ಟೇ. ಶಿಲೀಂಧ್ರ ತನ್ನ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ತಯಾರಿಸಿಕೊಳ್ಳುತ್ತದೆ. ಈ ಔಷಧಿಗಳು ಆ ಕಾರ್ಖಾನೆಯನ್ನು ಮುಚ್ಚಿಸುತ್ತವೆ. ಫೈಟೋಫ್ತೊರಾದಲ್ಲಿ ಆ ಕಾರ್ಖಾನೆಯೇ ಇಲ್ಲ. ಇಲ್ಲದ್ದನ್ನು ಮುಚ್ಚಿಸುವುದು ಹೇಗೆ?

ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್ ಹೇಳುತ್ತಾರಲ್ಲ, ಅದು ಸರಿ. ಎಲೆಚುಕ್ಕಿ ತರುವವು ನಿಜವಾದ ಶಿಲೀಂಧ್ರಗಳು. ಮರದ ಬುಡದಲ್ಲಿ ಏಳುವ ಅಣಬೆರೋಗವೂ ನಿಜವಾದ ಶಿಲೀಂಧ್ರ. ಹಳದಿ ಎಲೆ ರೋಗ ಫೈಟೋಪ್ಲಾಸ್ಮಾದ್ದು, ಅದು ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ. ಒಂದೇ ತೋಟ, ಮೂರು ಬೇರೆ ಬೇರೆ ಮನೆತನ. ಸುಮ್ನೆ ಓದುಗರೇ, ಈಗ ಹೇಳಿ, ನೆಂಟಸ್ತನ ಕಟ್ಟಿಕೊಂಡು ಏನಾಗಬೇಕು ಅಂತ.

ಔಷಧಿ ಯಾವುದು, ಎಷ್ಟು ಅಂತ ನನ್ನ ಮಾತು ಕೇಳಿ ಹೊಡೆಯಬೇಡಿ. ನಾನು ತೋಟ ಬಿಟ್ಟು ಬಹಳ ಕಾಲ ಆಯಿತು.

ಸುಮ್ನೆ ಓದುಗ · ಮೇ 18, ಮಧ್ಯಾಹ್ನ 1:20

ಸರಿ ಸರಿ, ಸೋತೆ. ಆದರೆ ಬೋರ್ಡೋ ಕೆಲಸ ಮಾಡುತ್ತದಲ್ಲ? ಅದೂ ಶಿಲೀಂಧ್ರನಾಶಕ ಅಂತಲೇ ಹೇಳುತ್ತಾರೆ.

ನಿವೃತ್ತ ಮೇಷ್ಟ್ರು · ಮೇ 18, ಸಂಜೆ 5:45

ಇದು ನನಗೆ ಬಿಡಿ, ಬಹಳ ಇಷ್ಟದ ಕಥೆ.

ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ತೋಟದವರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚಿದರು. ನೀಲಿ ಬಣ್ಣ ನೋಡಿ ವಿಷ ಅಂತ ಹೆದರಲಿ ಎಂದು. 1882ರ ಸುಮಾರಿಗೆ ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞ ಆ ದಾರಿಯಲ್ಲಿ ಹೋಗುವಾಗ ನೀಲಿ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿದ್ದನ್ನು ಕಂಡ. ಉಳಿದ ಬಳ್ಳಿಗಳು ರೋಗಕ್ಕೆ ಬೋಳಾಗಿದ್ದವು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ. ನಮ್ಮ ಬೋರ್ಡೋ ದ್ರಾವಣ ಹುಟ್ಟಿದ್ದು ಹಾಗೆ, ಕಳ್ಳರ ಕಾಟದಿಂದ.

ಇವತ್ತು ಇಲಿಯವರ ಉತ್ತರ ಓದಿ ಹಳೆಯ ಪುಸ್ತಕ ತೆಗೆದು ನೋಡಿದೆ. ಆ ದ್ರಾಕ್ಷಿ ರೋಗ ಡೌನಿ ಮಿಲ್ಡ್ಯೂ. ಅದೂ ಊಮೈಸೀಟೇ! ಅಂದರೆ ಬೋರ್ಡೋ ಮೊದಲಿನಿಂದಲೂ ಫೈಟೋಫ್ತೊರಾದ ದಾಯಾದಿಗೇ ಮಾಡಿದ ಮದ್ದು. ತಾಮ್ರ ಕೋಶದಲ್ಲಿ ಒಂದೇ ಜಾಗಕ್ಕೆ ಹೊಡೆಯುವುದಿಲ್ಲ, ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಕೆಡಿಸುತ್ತದೆ. ಹಾಗಾಗಿ ಶಿಲೀಂಧ್ರವೋ ಅಲ್ಲವೋ ಅಂತ ಅದು ಕೇಳುವುದಿಲ್ಲ.

ನಮ್ಮಲ್ಲಿ ಇದನ್ನು ಅಡಿಕೆಗೆ ಹಚ್ಚಿದ್ದರಲ್ಲಿ ಲೆಸ್ಲಿ ಕೋಲ್‌ಮನ್ ಹೆಸರು ದೊಡ್ಡದು. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು, ಮುಂದೆ ಕೃಷಿ ಇಲಾಖೆಯ ಡೈರೆಕ್ಟರ್ ಆದರು. 1910ರಲ್ಲಿ ಅವರು ಅಡಿಕೆಯ ರೋಗದ ಬಗ್ಗೆ ಬರೆದ ವರದಿಯಲ್ಲಿ ಕೊಳೆರೋಗ ಅನ್ನುವ ನಮ್ಮ ಹೆಸರನ್ನೇ ಇಟ್ಟುಕೊಂಡರು. ಇಂಗ್ಲಿಷ್ ಪುಸ್ತಕಗಳಲ್ಲಿ ಇವತ್ತಿಗೂ ಅದು ಕೊಳೆರೋಗವೇ. ಜೀವಿಯನ್ನು ಅವರು ಶಿಲೀಂಧ್ರ ಅಂತಲೇ ಬರೆದರು, ಆಗ ಎಲ್ಲರೂ ಹಾಗೇ ತಿಳಿದಿದ್ದರು. ಮದ್ದು ಮಾತ್ರ ಸರಿಯಾಗಿತ್ತು.

ಕಾಫಿಸೀಮೆ (ಕೊಡಗು) · ಮೇ 18, ರಾತ್ರಿ 8:50

ನಿಲ್ಲಿ ನಿಲ್ಲಿ. ಕೊಳೆರೋಗ ನಮ್ಮ ಕಾಫಿಗೂ ಇದೆ. ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆಯುತ್ತದೆ. ಕೊಳೆತ ಎಲೆ ಕೆಳಗೆ ಬೀಳುವುದಿಲ್ಲ, ಜೇಡರ ಬಲೆಯಂಥ ನೂಲಿನಲ್ಲಿ ರೆಂಬೆಗೆ ಜೋತಾಡುತ್ತದೆ. ಅದೂ ಫೈಟೋಫ್ತೊರಾನಾ?

ಪ್ರಯೋಗಾಲಯದ ಇಲಿ · ಮೇ 18, ರಾತ್ರಿ 11:30

ಇಲ್ಲ ಅಕ್ಕ. ಕಾಫಿಯ ಕೊಳೆ ನಿಜವಾದ ಶಿಲೀಂಧ್ರ, ಅಣಬೆಗಳ ಗುಂಪಿನದ್ದೇ. ತಮಾಷೆ ಅಂದರೆ ಅದರ ವೈಜ್ಞಾನಿಕ ಹೆಸರಿನೊಳಗೇ ‘ಕೊಳೆರೋಗ’ ಅನ್ನುವ ಕನ್ನಡ ಪದ ಸೇರಿಕೊಂಡಿತ್ತು, ಪೆಲಿಕ್ಯುಲೇರಿಯಾ ಕೊಳೆರೋಗ ಅಂತ. ಜಗತ್ತಿನ ಪುಸ್ತಕಗಳಲ್ಲಿ ಕೊಳೆರೋಗ ಎಂಬ ಹೆಸರು ನಿಜವಾದ ಶಿಲೀಂಧ್ರಕ್ಕೆ ಸಿಕ್ಕಿತು, ಶಿಲೀಂಧ್ರವಲ್ಲದ ಅಡಿಕೆಯ ರೋಗಕ್ಕೂ ಸಿಕ್ಕಿತು. ಕೊಳೆಯುವುದು ಕಾಣುತ್ತದೆ, ಕೊಳೆಸುವವರು ಕಾಣುವುದಿಲ್ಲ.

ಶುಂಠಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಗೆಡ್ಡೆ ಕೊಳೆ ತರುವುದು ಪಿಥಿಯಂ, ಅದು ಊಮೈಸೀಟ್. ಹಸಿರಿದ್ದ ಹಾಗೇ ಬಾಡಿ ಕೊಳೆಯುವುದು ಬ್ಯಾಕ್ಟೀರಿಯಾದ ಕೆಲಸ.

ಕಾಫಿಸೀಮೆ · ಮೇ 19, ಬೆಳಿಗ್ಗೆ 6:40

ಶುಂಠಿಯದ್ದು ಗೊತ್ತು. ಬುಡದಿಂದ ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದರೆ ಹಾಲಿನ ಹಾಗೆ ಬಿಳಿ ದಾರ ಇಳಿಯುತ್ತದೆ. ಇಳಿದರೆ ಬ್ಯಾಕ್ಟೀರಿಯಾ. ಡಿಎನ್‌ಎ ಇಲ್ಲದೆ ನಾವೂ ವರ್ಗೀಕರಣ ಮಾಡುತ್ತೇವೆ!

720ರ ಕನಸು · ಮೇ 19, ಬೆಳಿಗ್ಗೆ 9:05

ನಾನು ನೀಟ್‌ಗೆ ಓದುತ್ತಿದ್ದೇನೆ, ಈಗ ಹೆದರಿಕೆ ಆಗುತ್ತಿದೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಶಿಲೀಂಧ್ರದ ಕೆಳಗೆ ಫೈಕೊಮೈಸೀಟ್ಸ್ ಅಂತ ಇದೆ. ಉದಾಹರಣೆಗೆ ಮ್ಯೂಕರ್, ರೈಜೋಪಸ್, ಸಾಸಿವೆ ಮೇಲೆ ಬರುವ ಅಲ್ಬುಗೊ. ಅಲ್ಬುಗೊ ಕೂಡ ಊಮೈಸೀಟ್ ಅಂತ ಈಗ ಹುಡುಕಿದೆ. ಪರೀಕ್ಷೆಯಲ್ಲಿ ಏನು ಬರೆಯಲಿ?

ನಿವೃತ್ತ ಮೇಷ್ಟ್ರು · ಮೇ 19, ಬೆಳಿಗ್ಗೆ 9:20

ಶಿಲೀಂಧ್ರ ಅಂತಲೇ ಗುರುತು ಹಾಕು ಮಗಾ. ಡಾಕ್ಟರಾದ ಮೇಲೆ ಸರಿಪಡಿಸಿಕೊಳ್ಳುವಿಯಂತೆ.

720ರ ಕನಸು · ಮೇ 19, ಬೆಳಿಗ್ಗೆ 9:24

ಹಾಗಾದರೆ ನಿಜ ಹೇಳಿದರೆ ಮಾರ್ಕ್ಸ್ ಕಟ್ ಅಲ್ವಾ ಸರ್ 😅

ನಿವೃತ್ತ ಮೇಷ್ಟ್ರು · ಮೇ 19, ಬೆಳಿಗ್ಗೆ 9:41

ವಿಟ್ಟಾಕರ್ ಪದ್ಧತಿಯ ಪ್ರಕಾರ ಎಂದು ಪ್ರಶ್ನೆಯಲ್ಲಿ ಇದ್ದೇ ಇರುತ್ತದೆ, ಕಾಣದಿದ್ದರೂ. ಸುಳ್ಳು ಬರೆದ ಹಾಗೆ ಆಗುವುದಿಲ್ಲ. ಐದು ಸಾಮ್ರಾಜ್ಯ ಕಲಿಯಲು ಒಳ್ಳೆಯ ಏಣಿ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಹದಿನಾರು ವರ್ಷದ ಮಕ್ಕಳಿಗೆ ಮೊದಲ ದಿನವೇ ಸ್ಟ್ರಾಮೆನೋಪೈಲ್ (ಕಂದು ಪಾಚಿ, ಕೊಳೆ ಸೇರಿದ ಆ ದೊಡ್ಡ ಮನೆತನದ ಹೆಸರು) ಅಂದರೆ ಎದ್ದು ಕಾಮರ್ಸ್‌ಗೆ ಹೋಗುತ್ತಾರೆ.

ತೋಟದಮನೆ · ಮೇ 19, ರಾತ್ರಿ 9:00

ಮಗಳ ಪ್ರಶ್ನೆ, ನನ್ನದಲ್ಲ. ಐದು, ಮೂರು, ಏಳು, ಇದರಲ್ಲಿ ಯಾವುದು ಸರಿ? ಮೂರು ಅಂದರೆ ಎರಡು ಸಾಮ್ರಾಜ್ಯ ತೆಗೆದುಹಾಕಿದರಾ?

ಪ್ರಯೋಗಾಲಯದ ಇಲಿ · ಮೇ 20, ಬೆಳಗಿನ ಜಾವ 1:15

ತೆಗೆದುಹಾಕಿದ್ದಲ್ಲ, ಅದಕ್ಕಿಂತ ಮೇಲೆ ಇನ್ನೊಂದು ಮಾಳಿಗೆ ಕಟ್ಟಿದ್ದು. ಗೋಬರ್ ಗ್ಯಾಸಿನಿಂದ ಶುರು ಮಾಡೋಣ.

ಗೋಬರ್ ಗ್ಯಾಸಿನ ಗುಂಡಿಯಲ್ಲಿ ಮಿಥೇನ್ ಮಾಡುವ ಸೂಕ್ಷ್ಮಜೀವಿಗಳನ್ನು ಬ್ಯಾಕ್ಟೀರಿಯಾ ಅಂತಲೇ ಎಲ್ಲರೂ ತಿಳಿದಿದ್ದರು. ನೋಡಲು ಹಾಗೇ, ಕೇಂದ್ರವೂ ಇಲ್ಲ. ವಿಟ್ಟಾಕರ್ ಲೆಕ್ಕದಲ್ಲಿ ಮೊನೆರಾ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೂಸ್ ನೋಟ, ಊಟ ಎರಡನ್ನೂ ಬಿಟ್ಟರು. ಎಲ್ಲ ಜೀವಕೋಶದಲ್ಲೂ ಪ್ರೋಟೀನ್ ಕಟ್ಟುವ ರೈಬೋಸೋಮ್ ಇರುತ್ತದೆ. ಅದರ ಆರ್‌ಎನ್‌ಎ ತುಂಬ ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ಯಾರು ಯಾರಿಗೆ ಎಷ್ಟು ಹತ್ತಿರ ಅಂತ ಅಳೆಯಲು ಅದು ಒಳ್ಳೆ ಅಳತೆಗೋಲು. ಆಗ ಓದುವ ಯಂತ್ರ ಇರಲಿಲ್ಲ. ಆರ್‌ಎನ್‌ಎಯನ್ನು ತುಂಡು ಮಾಡಿ, ಫಿಲ್ಮಿನ ಮೇಲೆ ಬಿದ್ದ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಹೋಲಿಸುತ್ತ ವರ್ಷಗಟ್ಟಲೆ ಕೂತರು. 1977ರಲ್ಲಿ ಅವರೂ ಜಾರ್ಜ್ ಫಾಕ್ಸ್ ಅವರೂ ಹೇಳಿದ್ದು ಇಷ್ಟು: ಮಿಥೇನ್ ಮಾಡುವವು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಮನೆತನ. ಬಹಳ ಜನ ನಂಬಲಿಲ್ಲ. ಆ ಗುಂಪಿಗೆ ಈಗ ಆರ್ಕಿಯಾ ಅನ್ನುತ್ತೇವೆ. ಹಸುವಿನ ಹೊಟ್ಟೆಯೊಳಗೂ ಇವೆ.

1990ರಲ್ಲಿ ವೂಸ್ ಮತ್ತು ಜೊತೆಗಾರರು ಮೂರು ಡೊಮೈನ್ ಪದ್ಧತಿ ಮುಂದಿಟ್ಟರು. ಬ್ಯಾಕ್ಟೀರಿಯಾ ಒಂದು, ಆರ್ಕಿಯಾ ಒಂದು. ಕೇಂದ್ರ ಇರುವ ಕೋಶದವರೆಲ್ಲ, ಅಂದರೆ ನಾವು, ಅಡಿಕೆ ಮರ, ಅಣಬೆ, ಕೊಳೆ ಎಲ್ಲ, ಮೂರನೆಯದರಲ್ಲಿ ಒಂದು ಮೂಲೆಗೆ.

ಏಳು ಸಾಮ್ರಾಜ್ಯ ಅಂದರೆ 2015ರ ಒಂದು ಪಟ್ಟಿ. ಅದರಲ್ಲಿ ಕಂದು ಪಾಚಿಗೂ ಅದರ ನೆಂಟರಿಗೂ ಕ್ರೋಮಿಸ್ಟಾ ಎಂಬ ಸ್ವಂತ ಸಾಮ್ರಾಜ್ಯ ಕೊಟ್ಟಿದ್ದಾರೆ. ಕೊಳೆ ಅಲ್ಲಿ ಬರುತ್ತದೆ. ಮಗಳಿಗೆ ಹೇಳಿ, ಸಂಖ್ಯೆ ಅಷ್ಟು ಮುಖ್ಯ ಅಲ್ಲ. ವಂಶವೃಕ್ಷ ಒಂದೇ. ಯಾವ ಕೊಂಬೆಯ ಹತ್ತಿರ ಗೆರೆ ಎಳೆದು ಹೆಸರು ಬರೆಯಬೇಕು ಅನ್ನುವುದರಲ್ಲಿ ಜಗಳ.

ಸುಮ್ನೆ ಓದುಗ · ಮೇ 20, ಬೆಳಿಗ್ಗೆ 7:30

ಮರ ಆದರೂ ಗಟ್ಟಿಯಾಗಿ ನಿಂತಿದೆಯಾ, ಅದೂ ಅಲ್ಲಾಡುತ್ತಾ?

ಪ್ರಯೋಗಾಲಯದ ಇಲಿ · ಮೇ 20, ಮಧ್ಯಾಹ್ನ 2:10

ಬುಡದಲ್ಲಿ ಸ್ವಲ್ಪ ಅಲ್ಲಾಡುತ್ತಿದೆ 🙂 2015ರಲ್ಲಿ ಆರ್ಕ್ಟಿಕ್ ಸಾಗರದ ತಳದ ಕೆಸರಿನಲ್ಲಿ ಒಂದು ಆರ್ಕಿಯಾ ಗುಂಪಿನ ಡಿಎನ್‌ಎ ಸಿಕ್ಕಿತು. ನಮ್ಮಂಥ ಕೋಶಗಳಲ್ಲಿ ಮಾತ್ರ ಇರುತ್ತವೆ ಅಂದುಕೊಂಡಿದ್ದ ಹಲವು ಜೀನ್‌ಗಳು ಅದರಲ್ಲಿ ಇದ್ದವು. ಆ ಬಳಗದ ಒಂದು ಜೀವಿಯನ್ನು ಜಪಾನಿನವರು ಹನ್ನೆರಡು ವರ್ಷ ಪಟ್ಟು ಹಿಡಿದು ಪ್ರಯೋಗಾಲಯದಲ್ಲಿ ಬೆಳೆಸಿ 2020ರಲ್ಲಿ ತೋರಿಸಿದರು. ನಾವೆಲ್ಲ ಆರ್ಕಿಯಾದ ಒಳಗಿನಿಂದಲೇ ಕವಲೊಡೆದು ಬಂದವರು ಅಂತ ಈಗ ಬಹಳ ಜನರ ಅಭಿಪ್ರಾಯ. ಹಾಗಾದರೆ ಡೊಮೈನ್ ಮೂರಲ್ಲ, ಎರಡು. ಲಿನೇಯಸ್ ಕೂಡ ಎರಡು ಅಂದಿದ್ದ, ಬೇರೆ ಎರಡು.

ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದು. 1993ರಲ್ಲಿ ಪ್ರೋಟೀನ್‌ಗಳನ್ನು ಹೋಲಿಸಿ ನೋಡಿದಾಗ ಅಣಬೆಗಳಿಗೆ ಸಸ್ಯಕ್ಕಿಂತ ಪ್ರಾಣಿಗಳೇ ಹತ್ತಿರ ಅಂತ ಗೊತ್ತಾಯಿತು. ನಾವು ಯಕೃತ್ತಿನಲ್ಲಿ ಕೂಡಿಡುವ ಗ್ಲೈಕೋಜನನ್ನೇ ಅಣಬೆಯೂ ಕೂಡಿಡುತ್ತದೆ, ಗಿಡದ ಹಾಗೆ ಪಿಷ್ಟ ಅಲ್ಲ. ನಮ್ಮ ಮೈಗೆ ಶಿಲೀಂಧ್ರ ಸೋಂಕಾದರೆ ಮದ್ದು ಕೊಡುವುದು ಕಷ್ಟ ಆಗುವುದಕ್ಕೆ ಈ ನೆಂಟಸ್ತನವೂ ಒಂದು ಕಾರಣ. ಅದಕ್ಕೆ ಹೊಡೆದರೆ ನಮಗೂ ತಾಗುತ್ತದೆ.

ತೋಟದಮನೆ · ಮೇ 20, ರಾತ್ರಿ 8:15

ನಮ್ಮ ಅಜ್ಜಿ ಅಣಬೆಯನ್ನು ಅಡುಗೆಮನೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮಾಂಸದ ಹಾಗೆ ಅನ್ನುತ್ತಿದ್ದಳು. ಅವಳಿಗೆ 1993ಕ್ಕಿಂತ ಮೊದಲೇ ಗೊತ್ತಿತ್ತು ನೋಡಿ!

ಕಾಫಿಸೀಮೆ · ಮೇ 20, ರಾತ್ರಿ 8:32

ನಮ್ಮಲ್ಲಿ ಮಳೆಗಾಲ ಬಂದರೆ ಅಣಬೆಗೆ ಕಾಯುತ್ತೇವೆ. ನೆಂಟರು ಅಂತ ಬಿಡುವುದಿಲ್ಲ.

ಇನ್ನೊಂದು ಯೋಚನೆ ಬಂತು. ನಮ್ಮ ಮಾತಿನಲ್ಲೂ ಗುಂಪುಗಳಿವೆ, ಆದರೆ ಅವು ಕೆಲಸಕ್ಕೆ ತಕ್ಕ ಹಾಗೆ. ಪಾಚಿ ಅಂದರೆ ಕಾಲು ಜಾರಿಸುವ ಹಸಿರು, ಅಷ್ಟೇ. ರಾತ್ರಿ ಹೊತ್ತು ಹಾವಿಗೂ ಹುಳ ಅನ್ನುತ್ತಾರೆ. ಮಸಾಲೆಗೆ ಹಾಕುವ ಕಲ್ಲುಹೂವು ಕಲ್ಲೂ ಅಲ್ಲ, ಹೂವೂ ಅಲ್ಲ.

ನಿವೃತ್ತ ಮೇಷ್ಟ್ರು · ಮೇ 20, ರಾತ್ರಿ 9:10

ಕಲ್ಲುಹೂವು ಒಂದು ಜೀವಿಯೂ ಅಲ್ಲ ತಾಯಿ. ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗೆ ಪಾಚಿ ಅಡುಗೆ ಮಾಡುತ್ತದೆ. ಎರಡು ಸಾಮ್ರಾಜ್ಯ ಸೇರಿ ಒಂದು ಸಂಸಾರ. ಜಾರುವ ಪಾಚಿಯಲ್ಲೂ ನೀಲಿ-ಹಸಿರು ಬಗೆಯದ್ದು ಬ್ಯಾಕ್ಟೀರಿಯಾ, ಕಡು ಹಸಿರಿನ ಮೆತ್ತನೆಯದ್ದು ಸಸ್ಯ. ಕಾಲು ಜಾರಿದ ಮೇಲೆ ಯಾವುದು ಅಂತ ಕೇಳುವವರು ಯಾರು.

ಎಲೆಅಡಿಕೆ ಪ್ರಿಯ · ಮೇ 20, ರಾತ್ರಿ 9:45

ಎಲ್ಲ ಸರಿ, ಇವತ್ತು ರಾಶಿ ಅಡಿಕೆ ರೇಟು ಎಷ್ಟು?

ನಿರ್ವಾಹಕ · ಮೇ 20, ರಾತ್ರಿ 9:50

ರೇಟಿಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ ಕೇಳಿ.

720ರ ಕನಸು · ಮೇ 21, ಬೆಳಿಗ್ಗೆ 6:50

ಕೊನೆಯ ಪ್ರಶ್ನೆ. ವೈರಸ್ ಈ ಮರದಲ್ಲಿ ಎಲ್ಲಿ?

ಪ್ರಯೋಗಾಲಯದ ಇಲಿ · ಮೇ 21, ಬೆಳಿಗ್ಗೆ 11:00

ಮರದಲ್ಲಿ ಇಲ್ಲ. ಅದಕ್ಕೆ ರೈಬೋಸೋಮ್ ಇಲ್ಲ, ಹಾಗಾಗಿ ವೂಸ್ ಅಳತೆಗೋಲು ಅದರ ಮೇಲೆ ನಡೆಯುವುದಿಲ್ಲ. ವೈರಸ್‌ಗಳಿಗೆ ಬೇರೆಯೇ ಪಟ್ಟಿ ಇದೆ. ಅದು ಇನ್ನೊಂದು ದಿನದ ಜಗಳ.

ತೋಟದಮನೆ · ಮೇ 26, ಬೆಳಿಗ್ಗೆ 7:05

ಎಲ್ಲರಿಗೂ ಉಪಕಾರ ಆಯಿತು. ಮಗಳು ಎಲ್ಲವನ್ನೂ ನೋಟ್ಸಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾಳೆ. ಮುಂದಿನ ಪುಟದಲ್ಲಿ ವಿಟ್ಟಾಕರ್ ಹಾಗೇ ಇದ್ದಾನೆ.

ಈ ಸಲ ಮಳೆ ಹಿಡಿಯುವ ಮೊದಲೇ ಹೊಡೆಸಿಬಿಡೋಣ ಅಂತ ಕೊನೆಗೌಡನಿಗೆ ಹೇಳಿದ್ದೆ, ಇವತ್ತು ಬಂದಿದ್ದಾನೆ, ಔಷಧಿ ಹೊಡೆಯುವ ಉದ್ದ ಕೋಲು, ದೋಟಿಯೂ ಬಂದಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿ ಅದ್ದಿ ನೋಡಿದೆ, ಅಲಗು ಕೆಂಪಾಯಿತು. ಸುಣ್ಣ ಇನ್ನೊಂದಿಷ್ಟು ಬೇಕು. ಕಲಸಿ ಬರುತ್ತೇನೆ.